ಬಚ್ಚಲ ಒಡೆದಾಗ ಕಂಡ ಕಿಂಡಿ



ಮೂರು ವಾರದಿಂದ ಪೋಸ್ಟ್ ಇಲ್ಲ, ಮೀಟಿಂಗಿಗೂ ಬಂದಿಲ್ಲ, ಎಲ್ಲಿ ಹೋದ್ರಿ ಅಂತ ಬಹಳ ಮಂದಿ ಕೇಳಿದ್ರಿ. ಎಲ್ಲೂ ಹೋಗಿಲ್ಲ. ಮನೆಯ ಬಚ್ಚಲ ಒಡೆದುಕೊಂಡು ಕೂತಿದ್ದೆ. ಆಫೀಸಿನಿಂದ ಬಂದು ಕಲ್ಲಿನ ಪುಡಿ ಬಳಿಯೋದು, ರಜೆ ಇದ್ದ ದಿನ ಗೌಂಡಿಯ ಹಿಂದೆ ಹಿಂದೆ ಓಡಾಡೋದು, ಇದೇ ಆಗಿತ್ತು. ಉದ್ದ ಬರೀತೀನಿ, ಪುರಸೊತ್ತು ಇದ್ದವರು ಓದಿ. ಹಳೇ ಮನೆ ರಿಪೇರಿ ಮಾಡಿಸೋ ವಿಚಾರ ಇದ್ದವರು ಪೂರ್ತಿ ಓದಿ.

ಮನೆ ಶಹಾಪುರದ ಒಂದು ಗಲ್ಲಿಯಲ್ಲಿದೆ. ಈಗ ಶಹಾಪುರ ಅಂದ್ರೆ ಬೆಳಗಾವಿನೇ. ಆದ್ರೆ ಸ್ವಾತಂತ್ರ್ಯ ಬರೋತನಕ ಅದು ಸಾಂಗ್ಲಿ ಸಂಸ್ಥಾನದ್ದು. ನಮ್ಮದು ಆ ಕಾಲದ ಮನೆ. ಕೆಂಪು ಜಂಬಿಟ್ಟಿಗೆ ಕಲ್ಲಿನ ಗೋಡೆ, ಒಂದೂವರೆ ಫೂಟು ದಪ್ಪ. ಒಳಗೆ ಮಣ್ಣಿನ ಗಾರೆ, ಮೇಲೆ ಸುಣ್ಣದ ಗಿಲಾವು, ಮಾಡಿಗೆ ಹಂಚು, ನೆಲಕ್ಕೆ ಶಹಾಬಾದಿ ಫರ್ಸಿ. ಎರಡು ಖೋಲಿ, ಒಂದು ಅಡುಗೆಮನೆ, ಹಿಂದೆ ಬಚ್ಚಲ-ಸಂಡಾಸ. ಇಷ್ಟಕ್ಕೇ ಬ್ಯಾಂಕಿನವರು ನಾನು ರಿಟೈರ್ ಆಗೋತನಕ ಕಂತು ಬರೆದಿದ್ದಾರೆ.

ಅದಕ್ಕೂ ಮೊದಲು ಹನ್ನೊಂದು ವರ್ಷ ಬಾಡಿಗೆ ಮನೆಯಲ್ಲೇ ಇದ್ದೆ. ಬೆಳಗಾವಿಯಲ್ಲಿ ಬಾಡಿಗೆ ಮನೆ ಹುಡುಕಿದ ನಮ್ಮವರಿಗೆ ನಾನೇನು ಹೇಳಬೇಕಾಗಿಲ್ಲ. ಮೊದಲು "ಊರು ಯಾವುದ್ರಿ", ಆಮೇಲೆ "ಅಡ್ಡಹೆಸರೇನ್ರಿ", ಆಮೇಲೆ "ಮನಿ ನಮ್ಮ ತಮ್ಮಗ ಬೇಕಾಗೇತ್ರಿ". ಬಾಬಾಸಾಹೇಬರು ವಿದೇಶದಲ್ಲಿ ಓದಿ ಬಂದು 1917ರಲ್ಲಿ ಬರೋಡಾದ ನೌಕರಿಗೆ ಸೇರಿದಾಗ ಪಾರ್ಸಿ ವಸತಿಗೃಹದಿಂದ ಹೊರಗೆ ಹಾಕಿಸಿಕೊಂಡರು. ಅವರಿಗೇ ಹಂಗಾದ ಮೇಲೆ ದ್ವಿತೀಯ ದರ್ಜೆ ಗುಮಾಸ್ತ ನಾನ್ಯಾವ ಲೆಕ್ಕ? ಸ್ವಂತದ್ದು ಅಂತ ಆದ ಮೇಲೆ ಯಾರೂ ಅಡ್ಡಹೆಸರು ಕೇಳಿಲ್ಲ. ಗಲ್ಲಿಯಲ್ಲಿ ಎಲ್ಲರಿಗೂ ಗೊತ್ತಿದೆ, ಅದು ಬೇರೆ ಮಾತು.

ಬಚ್ಚಲ ಮುಟ್ಟಿದ್ದು ಅವ್ವನ ಸಲುವಾಗಿ. ಅವ್ವ ಖಾನಾಪುರದಲ್ಲಿ ಒಬ್ಬಳೇ ಇರ್ತಾಳೆ, ಎಪ್ಪತ್ತು ದಾಟಿದೆ, ಎರಡೂ ಮೊಣಕಾಲು ಹೋಗಿವೆ. ಖಾನಾಪುರದ ಮಳೆ ಗೊತ್ತಲ್ಲ. ಮಲಪ್ರಭೆ ಹುಟ್ಟೋದೇ ಆ ತಾಲೂಕಿನ ಕಣಕುಂಬಿಯಲ್ಲಿ. ಜೂನಿನಲ್ಲಿ ಹಿಡಿದ ಮಳೆ ಗಣಪತಿ ಹಬ್ಬದ ತನಕ ಬಿಡೋದಿಲ್ಲ. ಹಿತ್ತಲಿನ ಸಂಡಾಸಕ್ಕೆ ರಾಡಿಯಲ್ಲಿ ನಡೆದು ಹೋಗಬೇಕು. ಈ ಮಳೆಗಾಲಕ್ಕೆ ಅವ್ವನ್ನ ಇಲ್ಲಿಗೆ ಕರೆತರೋದು, ಕೂರೋ ಕಮೋಡು ಹಾಕಿಸೋದು, ಜಾರದ ಟೈಲ್ಸ್ ಹಾಕಿಸೋದು ಅಂತ ನಾನು, ಮನೆಯಾಕಿ ಇಬ್ಬರೂ ಮಾತಾಡಿಕೊಂಡ್ವಿ.

ಮೊದಲು ಒಬ್ಬ ಗುತ್ತಿಗೆದಾರನನ್ನು ಕರೆಸಿದ್ವಿ. ಆತ ಚಪ್ಪಲಿ ಹಾಕಿಕೊಂಡೇ ಒಳಗೆ ಬಂದ, ಇರಲಿ. ಸುತ್ತಿಗೆಯ ಹಿಡಿಯಿಂದ ಗೋಡೆ, ನೆಲ ಎಲ್ಲ ಬಡಿದು ನೋಡಿದ. ಒಂದು ಮೂಲೆಯ ಫರ್ಸಿ ಡೊಳ್ಳಿನಂಗೆ ಸಪ್ಪಳ ಮಾಡ್ತು.

"ಸರ್ರ, ಇದರ ಬುಡಕ ಹಳೇ ಸಂಡಾಸದ ಗುಂಡಿ ಐತಿ. ಒಳಚರಂಡಿ ಬಂದ ಮ್ಯಾಲೆ ಮ್ಯಾಲೊಂದು ಫರ್ಸಿ ಎಳದು ಬಚ್ಚಲ ಮಾಡ್ಯಾರ. ಖಾಲಿ ಮಾಡಿ ತುಂಬಬೇಕ್ರಿ, ಇಲ್ಲಂದ್ರ ನೆಲ ಕೂಡತೈತಿ."

ಸರಿ, ಹೆಂಗೆ ಖಾಲಿ ಮಾಡ್ತೀರಿ ಅಂದೆ.

"ಅದಕ್ಕೇನ್ರಿ, ಇಬ್ಬರು ಹುಡುಗರದಾರ. ಒಂದು ಕ್ವಾರ್ಟರ್ ಕುಡಿಸಿ ಇಳಿಸಿದ್ರ ಅರ್ಧ ತಾಸಿನ ಕೆಲಸ."

ಯಾವ ಹುಡುಗರು ಅಂತ ಕೇಳಿದೆ. ಆತ ಒಂದು ಕೇರಿಯ ಹೆಸರು ಹೇಳಿದ. ನನ್ನ ಸೋದರಮಾವನ ಮನೆ ಇರೋ ಕೇರಿ ಅದು. ಆ ಹುಡುಗರು ಯಾರಿರಬಹುದು ಅಂತ ಕಣ್ಣ ಮುಂದೆ ಐದಾರು ಮುಖ ಬಂದ್ವು. ಒಬ್ಬನಿಗೆ ಹೋದ ವರ್ಷ ಐಟಿಐ ಅರ್ಜಿ ತುಂಬಿಕೊಟ್ಟಿದ್ದೆ.

ನಾನು ಸಿಟ್ಟು ಮಾಡಲಿಲ್ಲ. ಆಫೀಸಿನಲ್ಲಿ ಇಪ್ಪತ್ತು ವರ್ಷ ಫೈಲು ನೋಡಿದವನು, ಕಾನೂನು ಹೇಳೋದು ರೂಢಿ ಇದೆ. 2013ರ ಕಾಯ್ದೆ ಪ್ರಕಾರ ರಕ್ಷಣಾ ಸಾಧನ ಇಲ್ಲದೆ ಗಟಾರದಲ್ಲಿ, ಸೆಪ್ಟಿಕ್ ಗುಂಡಿಯಲ್ಲಿ ಮನುಷ್ಯನನ್ನ ಇಳಿಸಿದರೆ ಮೊದಲನೇ ಸಲಕ್ಕೇ ಎರಡು ವರ್ಷದವರೆಗೆ ಜೈಲು, ಎರಡು ಲಕ್ಷದವರೆಗೆ ದಂಡ, ಇಲ್ಲ ಎರಡೂ. ಇಳಿಸಿದವನು ಅಂದ್ರೆ ಮೇಸ್ತ್ರಿ ಒಬ್ಬನೇ ಅಲ್ಲ, ಕೆಲಸ ಹಚ್ಚಿದ ಮನೆ ಮಾಲೀಕನೂ ಸಿಗ್ತಾನೆ. ಸತ್ತರೆ ಹತ್ತು ಲಕ್ಷ ಪರಿಹಾರ ಅಂತ ಸುಪ್ರೀಂ ಕೋರ್ಟು 2014ರಲ್ಲಿ ಹೇಳಿತ್ತು. 2023ರ ಅಕ್ಟೋಬರಿನಲ್ಲಿ ಅದನ್ನ ಮೂವತ್ತು ಲಕ್ಷ ಮಾಡಿತು. ಇಷ್ಟು ಹೇಳಿದೆ.

"ಅದು ಹಳೇ ಗುಂಡಿರೀ, ಒಣಗೇತಿ. ಗ್ಯಾಸ್ ಎಲ್ಲಿಂದ ಬರ್ತೈತ್ರಿ?"

ಈ ಮಾತು ಬಹಳ ಮಂದಿ ಹೇಳ್ತಾರೆ, ಅದಕ್ಕೆ ಇಲ್ಲೇ ಬರೀತೀನಿ. ಮುಚ್ಚಿದ ಗುಂಡಿಯ ಮೇಲೆ ತೊಗಟೆ ಕಟ್ಟಿರ್ತದೆ, ನೋಡೋಕೆ ಒಣಗಿದಂಗೆ ಕಾಣ್ತದೆ. ಕೆಳಗೆ ಹಸಿ ಇರ್ತದೆ. ತೊಗಟೆ ಒಡೆದ ಕೂಡಲೇ ಒಳಗಿದ್ದ ಹೈಡ್ರೋಜನ್ ಸಲ್ಫೈಡ್ ಮೇಲೆ ಏಳ್ತದೆ. ಮೊದಲು ಕೊಳೆತ ಮೊಟ್ಟೆಯ ನಾತ. ಪ್ರಮಾಣ ಜಾಸ್ತಿ ಆದ್ರೆ ಮೂಗಿಗೆ ನಾತವೇ ತಿಳಿಯೋದಿಲ್ಲ, ಗ್ಯಾಸು ಹೋಯ್ತು ಅಂತ ತಿಳ್ಕೋತಾರೆ. ಎರಡು ಉಸಿರಿಗೆ ಕಣ್ಣು ಕತ್ತಲೆ. ಅವನನ್ನ ಎತ್ತೋಕೆ ಇನ್ನೊಬ್ಬ ಇಳೀತಾನೆ, ಅವನೂ ಏಳೋದಿಲ್ಲ. ಪೇಪರಿನಲ್ಲಿ ಯಾವಾಗಲೂ ಇಬ್ಬರು, ಮೂವರು ಅಂತ ಬರೋದು ಅದಕ್ಕೇ. ದೀಪ ಇಳಿಬಿಟ್ಟು ನೋಡೋದು ಇನ್ನೂ ಅಪಾಯ. ಒಳಗೆ ಮಿಥೇನ್ ಇದ್ರೆ ಹೊತ್ತಿಕೊಳ್ತದೆ.

ಗುತ್ತಿಗೆದಾರ ಮತ್ತೆ ಬರಲಿಲ್ಲ. ಫೋನು ಎತ್ತಲಿಲ್ಲ.

ಆಮೇಲೆ ಅವ್ವನೇ ಖಾನಾಪುರದಿಂದ ಒಬ್ಬ ಗೌಂಡಿ ಕಾಕಾನನ್ನು ಕಳಿಸಿದಳು. ನಮ್ಮ ಕೇರಿಯವರೇ. ಅರವತ್ತರ ಮೇಲಿನ ವಯಸ್ಸು, ನಲವತ್ತು ವರ್ಷದಿಂದ ಥಾಪಿ ಹಿಡಿದವರು. ಹಂಚಿನ ಕಾರ್ಖಾನೆಯಲ್ಲಿ ಮಣ್ಣು ತುಳಿಯೋದರಿಂದ ಶುರು ಮಾಡಿ ಗೌಂಡಿ ಆದವರು. "ನಮ್ಮಪ್ಪ ಊರ ಕೆಲಸಕ್ಕ ಕರಿತಿದ್ದ, ನಾ ಓಡಿ ಬಂದು ಕಲ್ಲಿನ ಕೆಲಸ ಕಲತೆ. ಕಲ್ಲು ಜಾತಿ ಕೇಳಂಗಿಲ್ಲ ತಮ್ಮಾ, ಬಿದ್ರ ಎಲ್ಲಾರ ಕಾಲೂ ಮುರಿತೈತಿ" ಅಂತಾರೆ. ಅವರ ಜೋಡಿ ಒಬ್ಬ ಹುಡುಗ, ಇಬ್ಬರು ಹೆಣ್ಣಾಳು. ಹೆಣ್ಣಾಳಿಗೆ ಇಲ್ಲಿ ಗಂಡಾಳಿಗಿಂತ ಕಡಿಮೆ ಕೊಡೋ ಪದ್ಧತಿ. ಸಮಾನ ವೇತನದ ಕಾಯ್ದೆ 1976ರಲ್ಲೇ ಬಂದಿದೆ. ನಾನು ಹುಡುಗನಿಗೆ ಕೊಟ್ಟಷ್ಟೇ ಅವರಿಗೂ ಕೊಟ್ಟೆ. ಗೌಂಡಿ ಕಾಕಾಗೆ ಇದು ಅಷ್ಟು ಸೇರಲಿಲ್ಲ. "ನಾಳೆ ನನ್ನ ಕಡೆನೂ ಕೇಳತಾರ" ಅಂದ್ರು. ಕೇಳಲಿ ಬಿಡ್ರಿ ಅಂದೆ.

ಗುಂಡಿಗೆ ಸಕ್ಕಿಂಗ್ ಮಷಿನ್ ತರಿಸಿದ್ವಿ. ಗಾಡಿ ನಮ್ಮ ಗಲ್ಲಿಯೊಳಗೆ ಬರೋದಿಲ್ಲ, ದೊಡ್ಡ ರಸ್ತೆಯಲ್ಲೇ ನಿಲ್ಲಿಸಿ ಪೈಪಿಗೆ ಪೈಪು ಜೋಡಿಸಿ ಎಳೀಬೇಕು. ಮೊದಲ ದಿನ ಪೈಪು ಸಾಲಲಿಲ್ಲ, ವಾಪಸ್ ಹೋದ್ರು. ನಾಲ್ಕು ದಿನ ಆದ ಮೇಲೆ ಬಂದ್ರು. ಈ ನಾಲ್ಕು ದಿನ ನಾವು ಸ್ನಾನಕ್ಕೆ ಗೆಳೆಯನ ಮನೆಗೆ. ಮನೆಯಾಕಿ ಒಂದೂ ಮಾತಾಡಲಿಲ್ಲ, ಅದೇ ಹೆದರಿಕೆ. ಮುಚ್ಚಿದ ಫರ್ಸಿಯನ್ನ ಹೊರಗೆ ನಿಂತೇ ಹಾರೆಯಿಂದ ಎಬ್ಬಿಸಿ, ಕಿಟಕಿ ಬಾಗಿಲು ತೆರೆದಿಟ್ಟು, ಇಡೀ ದಿನ ಗಾಳಿಗೆ ಬಿಟ್ವಿ. ಯಾರೂ ಬೀಡಿ ಹಚ್ಚಬಾರದು ಅಂತ ಕಾಕಾ ತಾವೇ ಕಾವಲು ಕೂತರು. ಮೇಲಿಂದಲೇ ನೀರು ಬಿಟ್ಟು, ಉದ್ದನೆ ಬಿದಿರಿನಿಂದ ಕಲಸಿ, ಮಷಿನ್ ಎಳೆಯಿತು. ಯಾರ ಕಾಲೂ ಒಳಗೆ ಇಳಿಯಲಿಲ್ಲ. ಆಮೇಲೆ ಸುಣ್ಣ ಚೆಲ್ಲಿ, ಬಚ್ಚಲದಿಂದ ಕಿತ್ತ ಕಲ್ಲನ್ನೇ ಸುರಿದು, ಮುರ್ರಮು ಹಾಕಿ, ಅರ್ಧ ಅರ್ಧ ಫೂಟಿಗೆ ನೀರು ಹೊಡೆದು ದಮ್ಮಸು ಮಾಡಿದ್ರು. ಒಮ್ಮೆಗೇ ತುಂಬಿದರೆ ಆಮೇಲೆ ಮಣ್ಣು ಕುಸಿದು ನೆಲ ಬಿರಿಯುತ್ತದೆ. ಎಲ್ಲ ಸೇರಿ ಗುತ್ತಿಗೆದಾರ ಹೇಳಿದ್ದಕ್ಕಿಂತ ಏಳೂವರೆ ಸಾವಿರ ಜಾಸ್ತಿ ಆಯ್ತು. ಎರಡು ಜೀವಕ್ಕೆ ಏಳೂವರೆ ಸಾವಿರ. ನಮ್ಮ ಊರುಗಳಲ್ಲಿ ಈ ಲೆಕ್ಕ ಮಾಡಿ ಹುಡುಗರನ್ನೇ ಇಳಿಸೋರು ಎಷ್ಟು ಜನ ಇದ್ದಾರೆ, ನಿಮಗೇ ಗೊತ್ತು.

ಈಗ ಗೋಡೆಯ ವಿಷಯ.

ಗೋಡೆ ಮೇಲಿಂದ ಕೆಳಗೆ ಒಡೀಬೇಕು, ಕೆಳಗಿಂದ ಶುರು ಮಾಡಿದರೆ ಮೇಲಿನದ್ದು ತಲೆ ಮೇಲೆ ಬರ್ತದೆ. ಅದಕ್ಕೂ ಮೊದಲು ಮೇನ್ ಸ್ವಿಚ್ ಬಂದ್, ನೀರು ಬಂದ್, ನಹಾನಿ ಟ್ರ್ಯಾಪಿನ ಬಾಯಿಗೆ ಗೋಣಿ ತುಂಡು. ಇಲ್ಲಾಂದ್ರೆ ಒಡೆದ ಚೂರು ಪೈಪಿನೊಳಗೆ ಹೋಗಿ ಕೂರ್ತವೆ, ಎಲ್ಲ ಮುಗಿದ ಮೇಲೆ ನೀರು ಹೋಗ್ತಿಲ್ಲ ಅಂತ ಹೊಸ ಟೈಲ್ಸ್ ಒಡೀಬೇಕಾಗ್ತದೆ. ಒಡೆಯುವಾಗ ನೀರು ಚಿಮುಕಿಸ್ತಾ ಇರಬೇಕು. ಕಲ್ಲಿನ ಪುಡಿ ಎದೆಯೊಳಗೆ ಕೂತರೆ ಸಿಲಿಕೋಸಿಸ್, ಅದಕ್ಕೆ ಔಷಧ ಇಲ್ಲ. ನಾನು ಎಲ್ಲರಿಗೂ ಮಾಸ್ಕ್ ತಂದುಕೊಟ್ಟೆ. ಹುಡುಗ ಗದ್ದಕ್ಕೆ ಹಾಕಿಕೊಂಡ. ಹೆಣ್ಣಾಳುಗಳು ಸೆರಗನ್ನೇ ಕಟ್ಟಿಕೊಂಡು ಅದರ ಮೇಲೆ ಮಾಸ್ಕ್ ಹಾಕಿಕೊಂಡರು.

ಬಚ್ಚಲದ ಹಿಂದಿನ ಗೋಡೆಯ ಗಿಲಾವು ಕೆಳಗೆ ಮೂರು ಫೂಟು ಪೂರ್ತಿ ಬೆಳ್ಳಗೆ ಹಿಟ್ಟು ಹಿಟ್ಟು ಆಗಿತ್ತು. ಲೋಣ ಹಿಡಿದದ್ದು. ಕಾಕಾ ಗಿಲಾವು ಕೆತ್ತುತ್ತಾ ನೆಲದ ಹತ್ತಿರ ಬಂದಾಗ ಕಲ್ಲಿನ ಸಾಲು ಬದಲಾಯ್ತು. ಒಂದೂವರೆ ಫೂಟು ಅಗಲ, ಅಷ್ಟೇ ಎತ್ತರದ ಜಾಗದಲ್ಲಿ ದೊಡ್ಡ ಜಂಬಿಟ್ಟಿಗೆ ಇಲ್ಲ. ಒಡೆದ ಹಂಚು, ಇಟ್ಟಂಗಿ ಚೂರು, ಮಣ್ಣು ತುರುಕಿದ್ದರು. ಮೇಲೆ ಕಲ್ಲಿನ ತೊಲೆ. ಎರಡು ಬದಿ ತುಕ್ಕು ಹಿಡಿದ ಬಿಜಾಗರಿ.

ಕಾಕಾ ಥಾಪಿ ಕೆಳಗಿಟ್ಟರು. "ತಮ್ಮಾ, ಇದು ಕಿಂಡಿ" ಅಂದ್ರು.

ಯಾವ ಕಿಂಡಿ ಅಂತ ಕೇಳಬೇಕಾಗಲಿಲ್ಲ. ಈ ಗೋಡೆಯ ಆಚೆ ಒಂದು ಸಂದಿ ಇದೆ, ಇಬ್ಬರು ಎದುರು ಬದುರು ಬಂದ್ರೆ ಒಬ್ಬರು ಹಿಂದೆ ಸರೀಬೇಕು ಅಷ್ಟು ಸಣ್ಣದು. ಮರಾಠಿಯವರು ಬೋಳ ಅಂತಾರೆ. ಈಗ ಅಲ್ಲಿ ಪೈಪು, ಕೇಬಲ್ಲು, ಬೆಕ್ಕು. ಮನೆ ಕೊಳ್ಳುವಾಗ ಇದು ಯಾಕೆ ಖಾಲಿ ಬಿಟ್ಟಿದ್ದಾರೆ ಅಂತ ಕೇಳಿದ್ದಕ್ಕೆ ಮಾರಿದವರು ಗಾಳಿಗೆ ಅಂದಿದ್ರು. ಅದು ಬುಟ್ಟಿ ಸಂಡಾಸದ ಕಾಲದ ದಾರಿ. ಮನೆಯ ಮಂದಿ ಒಳಗೆ ಕೂರ್ತಿದ್ರು, ಕೆಳಗೆ ಬುಟ್ಟಿ ಇಲ್ಲಾ ಡಬ್ಬ. ಬೆಳಗಿನ ಜಾವ ಸಂದಿಯಿಂದ ಒಬ್ಬಳು ಬಂದು, ತಗಡಿನ ಬಾಗಿಲು ಎತ್ತಿ, ಬುಟ್ಟಿ ಎಳೆದು ತಲೆ ಮೇಲೆ ಇಟ್ಟುಕೊಂಡು ಹೋಗ್ತಿದ್ದಳು. ಮುಂಬಾಗಿಲಿನವರಿಗೆ ಅವಳ ಮುಖ ಕಾಣಬಾರದು. ಮನೆ ಕಟ್ಟುವಾಗಲೇ ಗೌಂಡಿಗೆ ಅಳತೆ ಕೊಟ್ಟು ಮಾಡಿಸಿದ ವ್ಯವಸ್ಥೆ ಇದು. ಜಾತಿ ಅನ್ನೋದು ಮನಸ್ಸಿನಲ್ಲಿದೆ ಅಂತ ಭಾಷಣ ಮಾಡೋರು ಒಮ್ಮೆ ನಮ್ಮ ಬಚ್ಚಲಿಗೆ ಬಂದು ನೋಡಬೇಕು, ಒಂದೂವರೆ ಫೂಟು ಉದ್ದ ಅಗಲ ಇದೆ.

ನನ್ನ ಆಯಿ, ಅವ್ವನ ಅವ್ವ, ಈ ಊರಿನಲ್ಲಿ ಅದೇ ಕೆಲಸ ಮಾಡಿದಳು. ನಾನು ಏಳನೇ ಇಯತ್ತೆ ಇದ್ದಾಗ ಹೋದಳು. ಒಂದು ದಿನವೂ ಆ ಮಾತು ಆಡಲಿಲ್ಲ. ಅವಳ ಬಗ್ಗೆ ನನಗೆ ನೆನಪಿರೋದು, ಊಟಕ್ಕೆ ಮೊದಲು ಬೂದಿ ಹಚ್ಚಿ ಕೈ ತಿಕ್ಕೋದು, ತಿಕ್ಕೋದು, ತಿಕ್ಕೋದು. ನಮಗೆ ಹಸಿವು, ಅವಳಿಗೆ ಮುಗಿಯೋದೇ ಇಲ್ಲ.

ಬೆಳಗಾವಿಗೆ 1924ರ ಕಾಂಗ್ರೆಸ್ ಅಧಿವೇಶನದ ಹೆಮ್ಮೆ ಬಹಳ. ಗಾಂಧೀಜಿ ಅಧ್ಯಕ್ಷರಾಗಿದ್ದ ಒಂದೇ ಅಧಿವೇಶನ. ಟಿಳಕವಾಡಿಯಲ್ಲಿ ಅದಕ್ಕೆಂದು ತೋಡಿದ ಬಾವಿ ಈಗಲೂ ಇದೆ. 2024ರ ಡಿಸೆಂಬರಿನಲ್ಲಿ ನೂರು ವರ್ಷ ಅಂತ ಊರಿಗೆಲ್ಲ ಲೈಟು ಹಾಕಿದ್ರು, ನಾವೂ ಮಕ್ಕಳನ್ನ ಕರಕೊಂಡು ನೋಡಿ ಬಂದ್ವಿ. ಆ ಅಧಿವೇಶನದಲ್ಲಿ ಪಾಯಖಾನೆ ಸ್ವಚ್ಛ ಮಾಡೋಕೆ ಸ್ವಯಂಸೇವಕರ ತಂಡ ಇತ್ತು, ಬ್ರಾಹ್ಮಣ ಯುವಕರೂ ಇದ್ದರು. ಗಾಂಧೀಜಿ ಅದನ್ನ ಮೆಚ್ಚಿಕೊಂಡರು, ಪುಸ್ತಕಗಳಲ್ಲಿ ಬಂತು. ಒಳ್ಳೇದೇ. ಆದ್ರೆ ಅಧಿವೇಶನ ಮುಗಿದ ಮರುದಿನ ಬೆಳಗಿನ ಜಾವ ಈ ಸಂದಿಗಳಲ್ಲಿ ಬುಟ್ಟಿ ಎಳೆದವರು ಯಾರು? ಅವರ ಫೋಟೋ ಯಾವ ಪ್ರದರ್ಶನದಲ್ಲೂ ನನಗೆ ಸಿಗಲಿಲ್ಲ.

ಇದನ್ನ ನಿಲ್ಲಿಸಬೇಕು ಅಂತ ಅಧಿಕಾರದಲ್ಲಿ ಕೂತು ಆದೇಶ ಮಾಡಿದ್ದು ಬಸವಲಿಂಗಪ್ಪನವರು. 1970ರ ದಶಕದ ಆರಂಭದಲ್ಲಿ ದೇವರಾಜ ಅರಸರ ಸರ್ಕಾರದಲ್ಲಿ ಪೌರಾಡಳಿತ ಮಂತ್ರಿ ಆಗಿದ್ದಾಗ ತಲೆ ಮೇಲೆ ಮಲ ಹೊರೋದನ್ನ ನಿಷೇಧ ಮಾಡಿದ್ರು. ಜನಕ್ಕೆ ಅವರು ನೆನಪಿರೋದು 1973ರ ಬೂಸಾ ಗಲಾಟೆಯಿಂದ, ಮಂತ್ರಿ ಸ್ಥಾನ ಹೋದದ್ದರಿಂದ. ನಮ್ಮ ಮನೆಯಲ್ಲಿ ಅವರ ನೆನಪು ಬೇರೆ. ಆದೇಶ ಎಲ್ಲ ಸಂದಿಗೂ ಒಮ್ಮೆಗೇ ತಲುಪಲಿಲ್ಲ ಅನ್ನಿ. ತಲುಪಿದ್ದರೆ ದೇಶಕ್ಕೆ 1993ರಲ್ಲಿ ಒಂದು ಕಾಯ್ದೆ, 2013ರಲ್ಲಿ ಇನ್ನೊಂದು ಕಾಯ್ದೆ ಯಾಕೆ ಬೇಕಾಗ್ತಿತ್ತು? 2010ರ ಜುಲೈನಲ್ಲಿ ಸವಣೂರಿನ ಭಂಗಿ ಬಂಧುಗಳು ಪುರಸಭೆ ಮುಂದೆ ಮಲ ಮೈಮೇಲೆ ಸುರಕೊಂಡು ನಿಂತರಲ್ಲ, ಆಗ ನಾವೆಲ್ಲ ಹೋಗಿದ್ವಿ. ಈ ಗುಂಪಿನಲ್ಲಿ ಬಹಳ ಜನಕ್ಕೆ ಆ ದಿನ ನೆನಪಿರ್ತದೆ.

ಶನಿವಾರ ಅವ್ವನ್ನ ಖಾನಾಪುರದಿಂದ ಕರೆತಂದೆ, ಟೈಲ್ಸ್ ಬಣ್ಣ ಆರಿಸೋಕೆ. ಕಿಂಡಿ ತೋರಿಸಬೇಕೋ ಬ್ಯಾಡವೋ ಅಂತ ಯೋಚನೆ ಇತ್ತು. ಅಷ್ಟರಲ್ಲಿ ತಾನೇ ಗೋಡೆ ಹಿಡಕೊಂಡು ಒಳಗೆ ಹೋಗಿ ನಿಂತಿದ್ದಳು. ಎಂಟು ಒಂಬತ್ತು ವರ್ಷದವಳಿದ್ದಾಗ ಅವಳು ಆಯಿ ಜೋಡಿ ಬರ್ತಿದ್ದಳು, ಬೂದಿ ಬುಟ್ಟಿ ಹಿಡಕೊಂಡು. ಇದೇ ಮನೆಯಾ ಅಂತ ಕೇಳಿದೆ.

"ಯಾಂವಗ ಗೊತ್ತ? ಇಂಥಾವು ನೂರು ಇದ್ವು. ಒಳಗಿಂದ ನಾ ಯಾವ ಮನೀನೂ ನೋಡಿಲ್ಲ."

ಸ್ವಲ್ಪ ಹೊತ್ತು ಬಿಟ್ಟು ಹೇಳಿದಳು. ಕೆಲವು ಮನೆಯವರು ತಾವೇ ಬೂದಿ ಹಾಕಿ ಮುಚ್ಚಿಡ್ತಿದ್ರಂತೆ. ಕೆಲವರು ಹಾಕ್ತಿರಲಿಲ್ಲ. ಆಯಿ ಮಂದಿಯನ್ನ ಅಳೀತಿದ್ದದ್ದು ಹಂಗೆ. ಬೂದಿ ಹಾಕೋ ಮನೆ, ಬೂದಿ ಹಾಕದ ಮನೆ. ಶ್ರೀಮಂತರು ಬಡವರು, ಲಿಂಗಾಯತರು ಮರಾಠರು, ಅದೆಲ್ಲ ಅವಳ ಲೆಕ್ಕದಲ್ಲಿ ಇರಲಿಲ್ಲ. ಮಳೆಗಾಲದಲ್ಲಿ ಬುಟ್ಟಿ ಸೋರಿ ಕಿವಿ ಮೇಲೆ ಇಳೀತಿತ್ತಂತೆ, ಸಿಂಬಿ ಎಷ್ಟು ದಪ್ಪ ಸುತ್ತಿದರೂ.

ಅಷ್ಟು ಹೇಳುವಾಗ ನಮ್ಮ ಹೆಣ್ಣಾಳುಗಳು ತಲೆ ಮೇಲೆ ಸಿಂಬಿ ಇಟ್ಟು ಒಡೆದ ಕಲ್ಲು ಹೊತ್ತು ಹೋಗ್ತಿದ್ರು. ಅವ್ವ ಮಾತು ನಿಲ್ಲಿಸಿ ಅವರಿಗೆ ದಾರಿ ಬಿಟ್ಟಳು.

ನನ್ನ ತಲೆಯಲ್ಲಿ ಒಂದು ವಿಚಾರ ಇತ್ತು. ಆ ಕಿಂಡಿ ಮುಚ್ಚೋದು ಬ್ಯಾಡ, ಚೌಕಟ್ಟು ಹಾಕಿ, ಗ್ಲಾಸ್ ಹಾಕಿ ಹಂಗೇ ಇಡೋಣ, ಬಂದವರಿಗೆ ತೋರಿಸೋಣ ಅಂತ. ಇಬ್ಬರು ಗೆಳೆಯರು ಫೋನಿನಲ್ಲಿ "ಇಡಲೇಬೇಕು, ಅದು ದಾಖಲೆ" ಅಂದಿದ್ರು. ಮಗಳು ಅದನ್ನ ಶಾಂಪೂ ಬಾಟಲಿ ಇಡೋ ಗೂಡು ಮಾಡೋಣ ಅಂದಳು, ಅವಳಿಗೆ ಹದಿನಾಲ್ಕು. ಅವ್ವನ್ನ ಕೇಳಿದೆ.

"ಮುಚ್ಚ ಯಪ್ಪಾ. ನಾ ಅಲ್ಲಿ ಜಳಕಾ ಮಾಡಬೇಕು."

ಮತ್ತೆ ಹೇಳಿದಳು, "ಚಂದಂಗ ಮುಚ್ಚಸ. ಇಲಿ ಬರತಾವ."

ಗೌಂಡಿ ಕಾಕಾ ಹೇಳಿದ್ದೂ ಅದನ್ನೇ, ಬೇರೆ ಕಾರಣಕ್ಕೆ. ಗೋಡೆಗೆ ಲೋಣ ಹಿಡಿಯೋಕೆ ಈ ಕಿಂಡಿಯೇ ಕಾರಣ. ಸಂದಿಯ ನೀರು ಚೂರು ಇಟ್ಟಂಗಿಯ ನಡುವೆ ನುಗ್ಗಿ ಐವತ್ತು ವರ್ಷದಿಂದ ಒಳಗೆ ಬರ್ತಿತ್ತು. ತುರುಕಿದ್ದೆಲ್ಲ ಕಿತ್ತು, ಎರಡು ಬದಿಯ ಜಂಬಿಟ್ಟಿಗೆಯಲ್ಲಿ ಹಲ್ಲು ಬಿಡಿಸಿ, ಹೊಸ ಇಟ್ಟಂಗಿ ಹಲ್ಲಿಗೆ ಹಲ್ಲು ಕೂರಿಸಿ ಗೋಡೆಯ ಪೂರ್ತಿ ದಪ್ಪಕ್ಕೆ ಕಟ್ಟಿದ್ರು. ಹೊರಗಿನ ಬದಿಗೂ ಗಿಲಾವು. ಮುಚ್ಚೋದಕ್ಕೆ ಮೊದಲು ಒಂದು ಫೋಟೋ ತೆಗೆದೆ, ಕೆಳಗೆ ಹಾಕಿದ್ದೀನಿ. ತುಕ್ಕು ಹಿಡಿದ ಬಿಜಾಗರಿ ಎರಡೂ ನನ್ನ ಆಫೀಸ್ ಬ್ಯಾಗಿನಲ್ಲಿವೆ. ಏನು ಮಾಡ್ತೀನಿ ಗೊತ್ತಿಲ್ಲ.

ಲೋಣದ ಬಗ್ಗೆ ಒಂದು ಮಾತು. ಮಂದಿ ಅದನ್ನ ನೀರಿನಿಂದ ತೊಳೀತಾರೆ. ತೊಳೆದ್ರೆ ಉಪ್ಪು ಕರಗಿ ಮತ್ತೆ ಗೋಡೆಯೊಳಗೇ ಹೋಗ್ತದೆ. ಮೊದಲು ಒಣಗಿದ ಬ್ರಷ್‌ನಿಂದ ಉಜ್ಜಿ, ಗುಡಿಸಿ ಹೊರಗೆ ಚೆಲ್ಲಬೇಕು. ಗೋಡೆಯನ್ನ ಬರೀ ಕಲ್ಲಿಗೆ ತಂದು, ಕಲ್ಲಿನ ಸಂದಿನ ಸಡಿಲ ಮಣ್ಣನ್ನ ಒಂದಿಂಚು ಆಳ ಕೆದರಿ, ಒಣಗೋಕೆ ಬಿಡಬೇಕು. ನಾವು ಹತ್ತು ದಿನ ಫ್ಯಾನ್ ಹಚ್ಚಿ ಬಿಟ್ವಿ. ಒಣಗಿದೆಯೋ ಇಲ್ಲವೋ ನೋಡೋಕೆ ಕಾಕಾ ತೋರಿಸಿದ ಉಪಾಯ: ಎರಡು ಫೂಟಿನ ಪ್ಲಾಸ್ಟಿಕ್ ಹಾಳೆ ಗೋಡೆಗೆ ನಾಲ್ಕೂ ಬದಿ ಟೇಪು ಹಚ್ಚಿ ಅಂಟಿಸಿ, ಒಂದು ದಿನ ಬಿಟ್ಟು ತೆಗೆದು ನೋಡ್ರಿ. ಒಳಗೆ ಬೆವರಿದ್ರೆ ಇನ್ನೂ ಹಸಿ ಇದೆ. ನಮ್ಮದು ಎರಡನೇ ಸಲಕ್ಕೆ ಬೆವರಲಿಲ್ಲ.

ಮಣ್ಣಿನ ಗಾರೆಯ ಹಳೇ ಗೋಡೆಗೆ ನೇರ ಸಿಮೆಂಟ್ ಗಿಲಾವು ಹಾಕಿದ್ರೆ ಎರಡು ವರ್ಷಕ್ಕೆ ಹಪ್ಪಳದಂಗೆ ಏಳ್ತದೆ. ಕೋಳಿ ಜಾಳಿಗೆ ಮೊಳೆ ಹೊಡೆದು ಬಿಗಿದು, ಗೋಡೆಗೆ ನೀರು ಕುಡಿಸಿ, ಸಿಮೆಂಟ್ ಉಸುಕಿನ ತೆಳು ಗಾರೆ ಎರಚಿ, ಅದು ಹಿಡಿದ ಮೇಲೆ ಗಿಲಾವು. ಗೋಡೆ ನೆಟ್ಟಗಿದೆಯೋ ಇಲ್ಲವೋ ಅಂತ ದಾರಕ್ಕೆ ಗುಂಡು ಕಟ್ಟಿ ನೋಡಿದರೆ ಮೇಲೆ ಕೆಳಗೆ ಒಂದೂವರೆ ಇಂಚು ವ್ಯತ್ಯಾಸ ಇತ್ತು. ಅದನ್ನ ಗಿಲಾವಿನಲ್ಲೇ ಎರಡು ಪದರಿನಲ್ಲಿ ಸರಿ ಮಾಡಿಸಿ. ಟೈಲ್ಸ್ ಹಚ್ಚುವಾಗ ಸರಿ ಮಾಡ್ತೀವಿ ಅನ್ನೋರನ್ನ ನಂಬಬ್ಯಾಡ್ರಿ. ಏಳು ದಿನ ನೀರು ಹೊಡೀರಿ.

ನೆಲ ಹೊರಗಿನ ಖೋಲಿಗಿಂತ ಒಂದಿಂಚು ಕೆಳಗೆ ಬರಬೇಕು, ಟೈಲ್ಸ್ ದಪ್ಪ ಸೇರಿಸಿ ಲೆಕ್ಕ ಹಾಕಬೇಕು. ಮುದುಕರಿದ್ರೆ ಇನ್ನೂ ಕಡಿಮೆ, ಕಾಲು ಎಡವುತ್ತದೆ. ನಾವು ಅರ್ಧ ಇಂಚು ಇಟ್ಟು ಹೊಸ್ತಿಲಿಗೆ ಇಳಿಜಾರು ಕೊಟ್ವಿ. ಢಾಳ ಐದು ಫೂಟಿಗೆ ಒಂದಿಂಚು ನಹಾನಿ ಕಡೆ. ಅದಕ್ಕಿಂತ ಜಾಸ್ತಿ ಕೊಟ್ರೆ ಅವ್ವನಂಥವರಿಗೆ ನಿಲ್ಲೋಕೆ ಆಗೋದಿಲ್ಲ. ಗೋಡೆ ನೆಲ ಸೇರೋ ಮೂಲೆಯನ್ನ ಗಾರೆಯಿಂದ ಗೋಲು ಮಾಡಿಸಿ, ಅದರ ಮೇಲೆ ವಾಟರ್ ಪ್ರೂಫ್ ಲೇಪ ಎರಡು ಸಲ, ಒಂದು ಅಡ್ಡ ಒಂದು ಉದ್ದ. ಗೋಡೆ ಮೇಲೆ ಒಂದು ಫೂಟು, ಜಳಕ ಮಾಡೋ ಕಡೆ ಆರು ಫೂಟು. ನಹಾನಿ ಬಾಯಿ ಕಟ್ಟಿ ಎರಡಿಂಚು ನೀರು ನಿಲ್ಲಿಸಿ, ಗೋಡೆ ಮೇಲೆ ಪೆನ್ಸಿಲಿನಿಂದ ಗೆರೆ ಎಳೆದು ಎರಡು ದಿನ ನೋಡಬೇಕು. ಇದಕ್ಕೆ ಪುರಸೊತ್ತು ಇಲ್ಲ ಅನ್ನೋ ಗೌಂಡಿಗೆ ದುಡ್ಡು ಕೊಡಬ್ಯಾಡ್ರಿ.

ಕಮೋಡಿನ ಪಕ್ಕದ ಗೋಡೆಗೆ ಹಿಡಿಕೆ ಬರೋ ಜಾಗದಲ್ಲಿ ಈಗಲೇ ಗಟ್ಟಿ ಕಾಂಕ್ರೀಟ್ ಹಾಕಿಸಿದ್ದೀವಿ, ಜಂಬಿಟ್ಟಿಗೆಯಲ್ಲಿ ಸ್ಕ್ರೂ ನಿಲ್ಲೋದಿಲ್ಲ. ಅವ್ವ ಆರಿಸಿದ್ದು ಬಿಳಿ ಟೈಲ್ಸ್. ಮನೆಯಾಕಿ, ಮಗಳು ಇಬ್ಬರೂ ಬಿಳಿದು ಬ್ಯಾಡ, ಹೊಲಸು ಕಾಣ್ತದೆ ಅಂದ್ರು. "ಕಾಣಲಿ, ಕಂಡ್ರ ತೊಳಿತಾರ" ಅಂದಳು.

ಗೌಂಡಿ ಕಾಕಾ ಮುಂದಿನ ವಾರ ಖಾಲಿ ಆಗ್ತಾರೆ. ಬೆಳಗಾವಿ, ಖಾನಾಪುರದ ಕಡೆ ಮಳೆಗೆ ಮೊದಲು ಕೆಲಸ ಇದ್ದವರು ಇನ್‌ಬಾಕ್ಸಿಗೆ ಬರ್ರಿ, ನಂಬರ್ ಕೊಡ್ತೀನಿ. ಹೆಣ್ಣಾಳಿನ ಕೂಲಿ ನಾನು ಕೊಟ್ಟಷ್ಟೇ ಕೊಡಬೇಕು, ಅದನ್ನ ಮೊದಲೇ ಹೇಳ್ತೀನಿ. ಸಕ್ಕಿಂಗ್ ಮಷಿನ್‌ನವರ ನಂಬರ್ ಸಹ ಇದೆ. ಪೈಪು ಎಷ್ಟು ಉದ್ದ ಬೇಕು ಅಂತ ಗಲ್ಲಿ ಅಳೆದುಕೊಂಡು ಫೋನ್ ಮಾಡ್ರಿ.